ಮೆಣಸಿನ ಕಾಳಿನಂಥ ಅನ್ನ

ಅನ್ನ ಹದವಾಗಿ ಅರಳಿ, ಅಗುಳಿಗೆ ಅಗುಳು ಅಂಟದೆ ಬಂದರೆ ನಾವು "ಮಲ್ಲಿಗೆ ಹೂವಿನಂಥ ಅನ್ನ" ಎನ್ನುತ್ತೇವೆ. ಅಂಥದೇ ಅನ್ನವನ್ನು ಈಜಿಪ್ಟಿನ ಕೈರೋದಲ್ಲಿ ಒಬ್ಬ ಅಜ್ಜಿ ಮಾಡಿ ಇಳಿಸಿದರೆ ಮನೆಯವರು "ರುಝ್ ಮಿಫಲ್‌ಫಿಲ್" ಎನ್ನುತ್ತಾರೆ. ಅವರ ಭಾಷೆಯಲ್ಲಿ ರುಝ್ ಎಂದರೆ ಅಕ್ಕಿಯೂ ಹೌದು, ಅನ್ನವೂ ಹೌದು. ಫಿಲ್‌ಫಿಲ್ ಎಂದರೆ ಮೆಣಸು. ಹಾಗಂತ ಆ ಅನ್ನಕ್ಕೆ ಮೆಣಸು ಹಾಕಿರುತ್ತಾರೆ ಎಂದುಕೊಳ್ಳಬೇಡಿ. ಒಂದು ಹಿಡಿ ಕರಿಮೆಣಸನ್ನು ತಟ್ಟೆಗೆ ಸುರಿದು ನೋಡಿ. ಕಾಳುಗಳು ಒಂದನ್ನೊಂದು ಅಂಟಿಕೊಳ್ಳದೆ ತಮ್ಮ ತಮ್ಮ ದಾರಿ ಹಿಡಿದು ಉರುಳುತ್ತವೆ. ಅನ್ನವೂ ಹಾಗೆ ಬಿಡಿಬಿಡಿಯಾಗಿರಬೇಕು ಎಂಬುದು ಆ ಮಾತಿನ ಅರ್ಥ.

ಅರಬ್ಬರ ಅನ್ನ ಎಂದ ಕೂಡಲೇ ನಮ್ಮ ಮಕ್ಕಳ ಕಣ್ಣ ಮುಂದೆ ದೊಡ್ಡ ಪರಾತ, ಅದರ ತುಂಬ ಮಾಂಸ, ಗೋಡಂಬಿ, ದ್ರಾಕ್ಷಿ ಬರುತ್ತದೆ. ಅದು ಹಬ್ಬದ, ಮದುವೆಯ ಊಟ. ದಿನವೂ ಅಷ್ಟೆಲ್ಲ ಯಾರ ಮನೆಯಲ್ಲಿ ಸಾಧ್ಯ? ಈಜಿಪ್ಟ್, ಸಿರಿಯಾ, ಲೆಬನಾನ್, ಪ್ಯಾಲೆಸ್ಟೈನ್, ಜೋರ್ಡಾನ್ ಕಡೆಯ ಮನೆಗಳಲ್ಲಿ ದಿನನಿತ್ಯದ ಅನ್ನ ಬಹಳ ಸಾದಾ. ಅಕ್ಕಿ, ಒಂದಿಷ್ಟು ಶಾವಿಗೆ, ತುಪ್ಪ ಅಥವಾ ಬೆಣ್ಣೆ, ಉಪ್ಪು, ನೀರು. ಅಷ್ಟೇ. ಇದಕ್ಕೆ "ರುಝ್ ಬಿ ಶಅರಿಯ್ಯ" ಎಂದು ಹೆಸರು, ಅಂದರೆ ಶಾವಿಗೆ ಹಾಕಿದ ಅನ್ನ. ಶಅರ್ ಎಂದರೆ ಅವರಲ್ಲಿ ತಲೆಕೂದಲು. ಕೂದಲೆಳೆಯಂತೆ ಸಣ್ಣಗಿರುವುದರಿಂದ ಶಾವಿಗೆಗೆ ಆ ಹೆಸರು ಬಂದಿದೆ. ಊಟಕ್ಕೆ ಮೊದಲು ಈ ಅರ್ಥವನ್ನು ಮಕ್ಕಳಿಗೆ ಹೇಳಬೇಡಿ, ಆಮೇಲೆ ಹೇಳಿ!

ಇದನ್ನು ನಾನು ಕಲಿತದ್ದು ನನ್ನ ಹಳೆಯ ಗೆಳೆಯರೊಬ್ಬರ ಮನೆಯಲ್ಲಿ. ಬ್ಯಾಂಕಿನಲ್ಲಿ ಹನ್ನೊಂದು ವರ್ಷ ನಾವಿಬ್ಬರೂ ಅಕ್ಕಪಕ್ಕದ ಕೌಂಟರಿನಲ್ಲಿ ಕೂತವರು. ಅವರ ಮಗ ಸಂಸಾರ ಸಮೇತ ಶಾರ್ಜಾದಲ್ಲಿದ್ದಾನೆ. ಎರಡು ವರ್ಷದ ಹಿಂದೆ ಮನೆಯಾಕೆ ತೀರಿಕೊಂಡ ಮೇಲೆ ಗೆಳೆಯರು ಒಂಟಿ. ಮಧ್ಯಾಹ್ನ ಕ್ಯಾರಿಯರ್ ಊಟ ಬರುತ್ತಿತ್ತು. ರಾತ್ರಿಗೆ ಎರಡು ಬಾಳೆಹಣ್ಣು, ಒಂದು ಲೋಟ ಹಾಲು. "ಈ ವಯಸ್ಸಿಗೆ ಇಷ್ಟು ಸಾಕು ಕಣಯ್ಯ" ಎನ್ನುತ್ತಿದ್ದರು. ಆದರೆ ಬೆಲ್ಟಿಗೆ ಹೊಸದಾಗಿ ಎರಡು ತೂತು ಹಾಕಿಸಿಕೊಂಡಿದ್ದನ್ನು ನಾನು ನೋಡಿದ್ದೆ.

ಬೇಸಿಗೆ ರಜೆಗೆ ಬಂದ ಮೊಮ್ಮಗಳು, ಆರನೇ ತರಗತಿಯವಳು, ಮೊದಲ ದಿನವೇ ಅಡುಗೆಮನೆ ಹೊಕ್ಕು ಡಬ್ಬಿಗಳನ್ನೆಲ್ಲ ತೆಗೆದು ನೋಡಿದಳಂತೆ. ಬೇಳೆಯ ಡಬ್ಬಿಯಲ್ಲಿ ಹುಳು. ಅಕ್ಕಿಯ ಡಬ್ಬಿ ಖಾಲಿ. "ತಾತ, ನೀನು ಅನ್ನ ಮಾಡಲ್ವಾ?" ಎಂದು ಕೇಳಿದಳು. "ನನಗೆ ಬರಲ್ಲ ಪುಟ್ಟಿ. ಅಜ್ಜಿ ಇದ್ದಾಗ ಒಲೆ ಹತ್ತಿರ ಹೋದವನೇ ಅಲ್ಲ." "ನನಗೆ ಬರುತ್ತೆ, ಬಾ" ಎಂದಳು. ಅಲ್ಲಿ ಅವಳ ಶಾಲೆಯ ಗೆಳತಿಯ ಮನೆಯವರು ಈಜಿಪ್ಟಿನವರು. ಆ ಹುಡುಗಿಯ ಅಜ್ಜಿ, ಅಂದರೆ ತೇತಾ, ಇವಳಿಗೆ ಕಲಿಸಿಕೊಟ್ಟಿದ್ದರು. (ನಮ್ಮಲ್ಲಿ ತಾತ ಎಂದರೆ ಅಜ್ಜ, ಅವರಲ್ಲಿ ತೇತಾ ಎಂದರೆ ಅಜ್ಜಿ. ಆ ಇಬ್ಬರು ಹುಡುಗಿಯರು ಇದೇ ವಿಷಯಕ್ಕೆ ಎಷ್ಟು ನಕ್ಕಿದ್ದಾರೋ!) ಕೈರೋದ ಅಜ್ಜಿಯಿಂದ ಮೈಸೂರಿನ ತಾತನಿಗೆ ಈ ಅನ್ನ ಬಂದದ್ದು ಹನ್ನೊಂದು ವರ್ಷದ ಹುಡುಗಿಯ ಕೈಯಿಂದ. ನಾನು ಆವತ್ತು ಅಲ್ಲಿಗೆ ಪೆನ್ಷನ್ ಕಾಗದದ ವಿಚಾರವಾಗಿ ಹೋದವನು, ಊಟ ಮಾಡಿ ಬಂದೆ.

ಈಗ ಅಡುಗೆಗೆ ಬರೋಣ. ಮಕ್ಕಳೇ, ಒಲೆ ಹಚ್ಚುವುದು, ತುಪ್ಪದಲ್ಲಿ ಹುರಿಯುವುದು, ಬಿಸಿ ನೀರು ಹಾಕುವುದು ದೊಡ್ಡವರ ಕೆಲಸ. ಅಳೆಯುವುದು, ತೊಳೆಯುವುದು, ಗಡಿಯಾರ ನೋಡುವುದು ನಿಮ್ಮದು. ಗಡಿಯಾರದ ಕೆಲಸ ಸಣ್ಣದೆಂದು ತಿಳಿಯಬೇಡಿ, ಈ ಅಡುಗೆಯಲ್ಲಿ ಅದೇ ಮುಖ್ಯ.

ನಾಲ್ಕು ಜನಕ್ಕೆ 2 ಲೋಟ ಅಕ್ಕಿ, ಅರ್ಧ ಲೋಟ ಸಣ್ಣ ಗೋಧಿ ಶಾವಿಗೆ, 2 ದೊಡ್ಡ ಚಮಚ ತುಪ್ಪ, ಒಂದೂವರೆ ಟೀ ಚಮಚ ಉಪ್ಪು. ಅಕ್ಕಿ ಅಳೆದ ಲೋಟದಲ್ಲೇ ನೀರನ್ನೂ ಅಳೆಯಬೇಕು. ಒಂದು ಲೋಟದಲ್ಲಿ ಅಕ್ಕಿ, ಇನ್ನೊಂದರಲ್ಲಿ ನೀರು ಅಳೆದರೆ ಸಂಜೆಯ ಲೆಕ್ಕ ತಾಳೆಯಾಗುವುದಿಲ್ಲ. ಬಾಸುಮತಿಯಾದರೆ ಮೂರೂವರೆ ಲೋಟ ನೀರು. ಮನೆಯಲ್ಲಿರುವ ಸೋನಾಮಸೂರಿಯಾದರೆ 4 ಲೋಟ. ಹೊಸ ಅಕ್ಕಿ ಕಡಿಮೆ ನೀರು ಕುಡಿಯುತ್ತದೆ, ಹಳೆಯ ಅಕ್ಕಿ ಹೆಚ್ಚು ಕುಡಿಯುತ್ತದೆ. ನಿಮ್ಮ ಅಂಗಡಿಯ ಅಕ್ಕಿಗೆ ಒಂದೆರಡು ಸಲ ಮಾಡಿದ ಮೇಲೆ ಅಳತೆ ತಾನಾಗಿ ಕೂಡುತ್ತದೆ. ಬಾಸುಮತಿಯೇ ಬೇಕೆಂಬ ಹಟ ಬೇಡ. ಈಜಿಪ್ಟಿನವರು ನೈಲ್ ನದಿಯ ಮುಖಜ ಭೂಮಿಯಲ್ಲಿ ಬೆಳೆಯುವುದು ಗಿಡ್ಡ ಅಕ್ಕಿ, ಮನೆಗಳಲ್ಲಿ ಹೆಚ್ಚಾಗಿ ಬಳಸುವುದೂ ಅದೇ. ಆ ಅಂಟು ಸ್ವಭಾವದ ಅಕ್ಕಿಯಲ್ಲೇ ಅವರು ಮೆಣಸಿನ ಕಾಳಿನಂಥ ಅನ್ನ ಮಾಡುತ್ತಾರೆ ಎಂದ ಮೇಲೆ ನಮ್ಮ ಸೋನಾಮಸೂರಿಗೇನು?

ಅಕ್ಕಿಯನ್ನು ನಾಲ್ಕೈದು ನೀರಿನಲ್ಲಿ ತೊಳೆಯಿರಿ. ಮೊದಲ ನೀರು ಹಾಲಿನಂತಿರುತ್ತದೆ. ಅಕ್ಕಿ ಅಕ್ಕಿಗೆ ಉಜ್ಜಿ ಉದುರಿದ ಹಿಟ್ಟು ಅದು. ಅದನ್ನು ಹಾಗೇ ಬಿಟ್ಟರೆ ಬೇಯುವಾಗ ಗಂಜಿಯಾಗಿ ಅಗುಳುಗಳನ್ನು ಅಂಟಿಸುತ್ತದೆ. ನೀರು ಹೆಚ್ಚು ಕಡಿಮೆ ತಿಳಿಯಾಗುವವರೆಗೆ ತೊಳೆದು, ಇಪ್ಪತ್ತು ನಿಮಿಷ ನೆನೆಸಿ, ಪೂರ್ತಿ ಸೋರಿಸಿಡಿ. ತೊಳೆದ ಅಕ್ಕಚ್ಚನ್ನು ಚೆಲ್ಲಬೇಡಿ, ಕರಿಬೇವಿನ ಗಿಡಕ್ಕೆ ಹಾಕಿ.

ದಪ್ಪ ತಳದ ಪಾತ್ರೆ ಬೇಕು, ಅದಕ್ಕೆ ಸರಿಯಾಗಿ ಕೂರುವ ಮುಚ್ಚಳ ಬೇಕು. ಕುಕ್ಕರ್ ಬೇಡ. ಮೂರು ವಿಷಲ್‌ನ ಅನ್ನ ನಮ್ಮ ಸಾರಿಗೆ ಸರಿ, ಇದಕ್ಕಲ್ಲ. ಪಾತ್ರೆಯಲ್ಲಿ ತುಪ್ಪ ಕಾಯಿಸಿ. ಅರಬ್ಬರೂ ತುಪ್ಪ ಕಾಯಿಸುವವರೇ, ಸಮ್ನ ಎನ್ನುತ್ತಾರೆ, ಈಜಿಪ್ಟಿನಲ್ಲಿ ಎಮ್ಮೆಯ ತುಪ್ಪವೂ ಉಂಟು. ಶಾವಿಗೆಯನ್ನು ಹೆಬ್ಬೆರಳಿನ ಉಗುರಿನಷ್ಟು ಉದ್ದಕ್ಕೆ ಮುರಿದು ತುಪ್ಪಕ್ಕೆ ಹಾಕಿ, ಸಣ್ಣ ಉರಿಯಲ್ಲಿ ಕೈಬಿಡದೆ ಹುರಿಯಿರಿ. ಅಂಗಡಿಯಲ್ಲಿ ಹುರಿದದ್ದೇ ಸಿಗುತ್ತದಲ್ಲ ಎನ್ನಬಹುದು. ಅದನ್ನೂ ಇನ್ನಷ್ಟು ಹುರಿಯಲೇಬೇಕು. ಪಾಯಸಕ್ಕೆ ಹುರಿದ ಹೊಂಬಣ್ಣ ಇಲ್ಲಿ ಸಾಲದು, ಹುರಿದ ಕಡಲೆಕಾಯಿ ಬೀಜದ ಸಿಪ್ಪೆಯ ಬಣ್ಣಕ್ಕೆ ಬರಬೇಕು. ಈ ಅಡುಗೆಯಲ್ಲಿ ಮಸಾಲೆ ಇಲ್ಲ, ಈರುಳ್ಳಿ ಇಲ್ಲ. ಘಮವೆಲ್ಲ ಈ ಹುರಿಯುವುದರಲ್ಲೇ ಇದೆ. ಹೊಂಬಣ್ಣ ಬಂದ ಮೇಲೆ ಕಂದು ಬಣ್ಣಕ್ಕೆ ತಿರುಗಲು ಅರ್ಧ ನಿಮಿಷ ಸಾಕು, ಕಪ್ಪಾಗಲು ಇನ್ನರ್ಧ ನಿಮಿಷ. ಆ ಹೊತ್ತಿಗೆ ಫೋನ್ ಬಂದರೆ ಎತ್ತಬೇಡಿ.

ಸೋರಿಸಿಟ್ಟ ಅಕ್ಕಿ ಹಾಕಿ, ಎರಡು ನಿಮಿಷ ಮೆಲ್ಲಗೆ ಕೈಯಾಡಿಸಿ. ಪ್ರತಿ ಕಾಳಿಗೂ ತುಪ್ಪದ ಸಣ್ಣ ಪದರ ಹತ್ತುತ್ತದೆ. ಇದೂ ಅಂಟದಿರಲು ಸಹಾಯ. ಆಮೇಲೆ ಕುದಿಯುವ ನೀರು, ಉಪ್ಪು. ತಣ್ಣೀರು ಹಾಕಿದರೆ ಅದು ಕಾಯುವಷ್ಟು ಹೊತ್ತು ಅಕ್ಕಿ ಸುಮ್ಮನೆ ನೆಂದು ಮೆತ್ತಗಾಗುತ್ತದೆ. ಒಮ್ಮೆ ಕಲಕಿ, ನೀರಿನ ರುಚಿ ನೋಡಿ. ಉಪ್ಪು ಸ್ವಲ್ಪವೇ ಮುಂದಿದೆ ಅನ್ನಿಸಬೇಕು, ಅನ್ನವಾದಾಗ ಸರಿಹೋಗುತ್ತದೆ. ಇಷ್ಟಾದ ಮೇಲೆ ಸೌಟನ್ನು ತೊಳೆದು ಒಳಗಿಡಿ. ಇನ್ನು ಕಲಕಿದರೆ ಅರೆಬೆಂದ ಕಾಳು ಮುರಿದು ಗಂಜಿ ಬಿಡುತ್ತದೆ. ಉರಿ ದೊಡ್ಡದಿರಲಿ. ನೀರು ಇಳಿದು ಅಕ್ಕಿಯ ಮಟ್ಟಕ್ಕೆ ಬಂದು, ಮೇಲೆ ಇರುವೆ ಗೂಡಿನ ಬಾಯಿಯಂತೆ ಸಣ್ಣ ಸಣ್ಣ ಕುಳಿ ಕಾಣುತ್ತವೆ. ಆಗ ಉರಿಯನ್ನು ತೀರ ಸಣ್ಣದು ಮಾಡಿ, ಮುಚ್ಚಳ ಮುಚ್ಚಿ, 12 ನಿಮಿಷ. ನಂತರ ಒಲೆ ಆರಿಸಿ, ಮುಚ್ಚಳ ತೆಗೆಯದೆ ಇನ್ನು 10 ನಿಮಿಷ.

ನಮ್ಮ ಹಿರಿಯರಿಗೆ ಕಷ್ಟವಾಗುವುದು ಈ ಇಪ್ಪತ್ತೆರಡು ನಿಮಿಷವೇ. ಅನ್ನ ಆಯಿತೋ ಇಲ್ಲವೋ ಎಂದು ಮುಚ್ಚಳ ಎತ್ತಿ, ಒಂದು ಅಗುಳು ಹಿಸುಕಿ ನೋಡದಿದ್ದರೆ ನಮಗೆ ಸಮಾಧಾನವಿಲ್ಲ. ಎಸರಿಗೆ ಅಕ್ಕಿ ಹಾಕಿ ಗಂಜಿ ಬಸಿಯುವ ಅನ್ನಕ್ಕೆ ಅದು ಸರಿ, ಅಲ್ಲಿ ನೀರು ಬೇಕಾದಷ್ಟಿರುತ್ತದೆ. ಇಲ್ಲಿ ನೀರನ್ನು ಅಳೆದು ಹಾಕಿದ್ದೇವೆ. ಕೊನೆಯ ಹಂತದಲ್ಲಿ ಅಕ್ಕಿಯನ್ನು ಬೇಯಿಸುವುದು ಒಳಗಿನ ಹಬೆ. ಮುಚ್ಚಳ ತೆಗೆದಾಗಲೆಲ್ಲ ಆ ಹಬೆ ಹೋಗುತ್ತದೆ, ಮೇಲಿನ ಅಕ್ಕಿ ನಡುವೆ ಗಟ್ಟಿಯಾಗಿ ಉಳಿಯುತ್ತದೆ, ತಳ ಹಿಡಿಯುತ್ತದೆ. ಒಲೆ ಆರಿಸಿದ ಮೇಲಿನ ಹತ್ತು ನಿಮಿಷದಲ್ಲಿ ತಳದ ತೇವ ಮೇಲಿನವರೆಗೆ ಹರಡುತ್ತದೆ, ಅಗುಳಿನ ಮೈ ಬಿಗಿಯಾಗುತ್ತದೆ. ನನ್ನ ಗೆಳೆಯರು ಆವತ್ತು ಮೂರು ಸಲ ಕೈ ಚಾಚಿದರು. ಮೂರು ಸಲವೂ ಮೊಮ್ಮಗಳು "ತಾತ, ಮುಚ್ಚಳ ತೆಗೀಬೇಡ!" ಎಂದು ಅವರ ಕೈಗೆ ಚಿಟಕಿ ಹೊಡೆದಳು. ಕೊನೆಗೆ ಅವರನ್ನು ಹಾಲಿಗೆ ಕರೆದುಕೊಂಡು ಹೋಗಿ ಕೂರಿಸಿ, "ಏನಾದರೂ ಕತೆ ಹೇಳು" ಎಂದಳು.

ಅಜ್ಜ-ಅಜ್ಜಿಯರೇ, ನಿಮಗೂ ಆ ಹೊತ್ತಿಗೆ ಬೇಕಾಗಬಹುದು, ಒಂದು ಕತೆ ಇಟ್ಟುಕೊಳ್ಳಿ. ಕಟ್ಟು ಕತೆಯಲ್ಲ, ನಡೆದದ್ದು.

ನಾಟಿ ಔಷಧಿಗೆ ಬಳಸುವ ಹಿಪ್ಪಲಿ ಗೊತ್ತಲ್ಲ? ಕೆಮ್ಮಿಗೆ ಜೇನುತುಪ್ಪದಲ್ಲಿ ತೇದು ಕೊಡುತ್ತಿದ್ದರು. ಸಂಸ್ಕೃತದಲ್ಲಿ ಅದು ಪಿಪ್ಪಲಿ. ಆ ಮಾತು ಕನ್ನಡಕ್ಕೆ ಬಂದು ಹಿಪ್ಪಲಿ ಆಯಿತು. ಪಶ್ಚಿಮಕ್ಕೆ ಹೊರಟು ಪರ್ಷಿಯಾ ತಲುಪಿ ಪಿಲ್‌ಪಿಲ್ ಆಯಿತು. ಅರಬ್ಬಿ ಭಾಷೆಯಲ್ಲಿ ಪಕಾರವಿಲ್ಲ, ಅದಕ್ಕೇ ಅಲ್ಲಿ ಫಿಲ್‌ಫಿಲ್. ಇಂಗ್ಲಿಷಿನ ಪೆಪ್ಪರ್ ಕೂಡ ಅದೇ ಮನೆತನದ್ದು. ಮಾತು ಹೋದದ್ದು ಸರಕಿನ ಜೊತೆಗೆ. ನಮ್ಮ ಪಶ್ಚಿಮ ಘಟ್ಟದ ಮೆಣಸು ಮೂಟೆ ಮೂಟೆಯಾಗಿ ಕರಾವಳಿಯ ಬಂದರುಗಳಿಂದ ಏಡನ್‌ಗೆ, ಅಲ್ಲಿಂದ ಕೆಂಪು ಸಮುದ್ರದ ದಾರಿಯಲ್ಲಿ ಕೈರೋಗೆ ಹೋಗುತ್ತಿತ್ತು. ಹನ್ನೆರಡನೆಯ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ಸುಮಾರು ಹದಿನೇಳು ವರ್ಷ ಮಂಗಳೂರು ಕಡೆ ನೆಲೆಸಿದ್ದ. ಟ್ಯುನೀಸಿಯಾ ಕಡೆಯವನು, ಮಾತು ಅರಬ್ಬಿ. ಅವನ ಕೈಕೆಳಗೆ ವ್ಯಾಪಾರ ನೋಡಿಕೊಳ್ಳುತ್ತಿದ್ದ ನಮ್ಮ ಕರಾವಳಿಯ ಆಳಿನ ಹೆಸರು ಬೊಮ್ಮ. ಏಡನ್‌ನ ವರ್ತಕರಿಗೂ ಅವನಿಗೂ ನಡೆದ ಕಾಗದಪತ್ರ, ಮೆಣಸು, ಅಡಿಕೆ, ಕಬ್ಬಿಣದ ಲೆಕ್ಕ, ಎಲ್ಲವೂ ಕೈರೋದ ಹಳೆಯ ಯಹೂದಿ ಪ್ರಾರ್ಥನಾ ಮಂದಿರವೊಂದರ ಕೋಣೆಯಲ್ಲಿ ಸಿಕ್ಕಿವೆ. ಇಂಗ್ಲಿಷ್ ಓದುವ ದೊಡ್ಡ ಮಕ್ಕಳು ಅಮಿತಾವ್ ಘೋಷ್ ಅವರ 'ಇನ್ ಆ್ಯನ್ ಆ್ಯಂಟಿಕ್ ಲ್ಯಾಂಡ್' ಪುಸ್ತಕದಲ್ಲಿ ಬೊಮ್ಮನ ವಿಷಯ ಓದಬಹುದು. ಎಂಟುನೂರು ವರ್ಷ ಹಳೆಯ ಲೆಕ್ಕದ ಚೀಟಿ ಉಳಿದಿದೆ ಎಂದರೆ ನನ್ನಂಥ ಗುಮಾಸ್ತನಿಗೆ ಆಗುವ ಸಂತೋಷವೇ ಬೇರೆ.

ಇನ್ನು ಅನ್ನದ ಕತೆ. 1226ರಲ್ಲಿ, ನಮ್ಮಲ್ಲಿ ಹೊಯ್ಸಳರ ಇಮ್ಮಡಿ ನರಸಿಂಹ ಆಳುತ್ತಿದ್ದ ಕಾಲದಲ್ಲಿ, ಬಾಗ್ದಾದಿನ ಒಬ್ಬಾತ 'ಕಿತಾಬ್ ಅಲ್ ತಬೀಖ್', ಅಂದರೆ ಅಡುಗೆಯ ಪುಸ್ತಕ, ಬರೆದ. ಅವನನ್ನು ಅಲ್ ಬಾಗ್ದಾದಿ ಎಂದೇ ಕರೆಯುತ್ತಾರೆ. ಲೋಕದ ಸುಖಗಳು ಆರು, ಅವುಗಳಲ್ಲಿ ಊಟವೇ ದೊಡ್ಡದು ಎಂದು ಮುನ್ನುಡಿಯಲ್ಲಿ ವಾದಿಸಿದ ಮನುಷ್ಯ. ಅವನ ಪುಸ್ತಕದಲ್ಲಿ 'ಅರುಝ್ ಮುಫಲ್‌ಫಲ್' ಎಂಬ ಅಡುಗೆ ಇದೆ. ಅದೇ ಮೆಣಸಿನ ಕಾಳಿನಂಥ ಅನ್ನ, ಅವನದು ಮಾಂಸ ಹಾಕಿದ್ದು. 1258ರಲ್ಲಿ ಮಂಗೋಲರು ಬಾಗ್ದಾದನ್ನು ಸೂರೆ ಮಾಡಿದರು. ನಮ್ಮ ಸೋಮನಾಥಪುರದ ದೇವಸ್ಥಾನ ಎದ್ದದ್ದೂ ಹೆಚ್ಚು ಕಡಿಮೆ ಆ ಕಾಲದಲ್ಲೇ. ಅಲ್ಲಿ ಎಷ್ಟೋ ಗ್ರಂಥ ಹಾಳಾದವು. ಈ ಅಡುಗೆ ಪುಸ್ತಕದ ಹಸ್ತಪ್ರತಿ ಮಾತ್ರ ಇಸ್ತಾಂಬುಲ್‌ನಲ್ಲಿ ಉಳಿದುಕೊಂಡಿತು.

ಕತೆ ಮುಗಿಯುವ ಹೊತ್ತಿಗೆ ಹತ್ತು ನಿಮಿಷ ಆಗಿರುತ್ತದೆ. ಈಗ ಮುಚ್ಚಳ ತೆಗೆಯಿರಿ, ಮುಖವನ್ನು ದೂರ ಇಟ್ಟುಕೊಂಡು. ಫೋರ್ಕಿನಿಂದ ಅಂಚಿನಿಂದ ಒಳಕ್ಕೆ ಮೆಲ್ಲಗೆ ಬಿಡಿಸಿದರೆ ಬಿಳಿ ಅನ್ನದ ನಡುವೆ ಕಂದು ಎಳೆಗಳು ಕಾಣುತ್ತವೆ.

ಇದನ್ನು ಅವರು ಬರಿದಾಗಿ ತಿನ್ನುವುದಿಲ್ಲ. ನಾವು ಹುಳಿ ಕಲಸಿಕೊಳ್ಳುವ ಹಾಗೆ ಮೇಲೆ ಏನಾದರೂ ಸುರಿದುಕೊಳ್ಳುತ್ತಾರೆ. ಬೆಂಡೆಕಾಯಿಗೆ ಅಲ್ಲಿ ಬಾಮಿಯಾ ಎನ್ನುತ್ತಾರೆ. ಎಳೆ ಬೆಂಡೆಕಾಯಿಯನ್ನು ಟೊಮೆಟೊ, ಬೆಳ್ಳುಳ್ಳಿ, ಕೊತ್ತಂಬರಿಯ ಜೊತೆ ಬೇಯಿಸಿ, ನಿಂಬೆಹಣ್ಣು ಹಿಂಡಿದರೆ ಈ ಅನ್ನಕ್ಕೆ ಒಳ್ಳೆಯ ಜೊತೆ. ಅದಕ್ಕೂ ಸೋಮಾರಿತನವಾದರೆ ಮೊಸರಿಗೆ ಸೌತೆಕಾಯಿ, ಪುದೀನ, ಚಿಟಿಕೆ ಉಪ್ಪು, ಜಜ್ಜಿದ ಒಂದು ಎಸಳು ಬೆಳ್ಳುಳ್ಳಿ ಹಾಕಿ ಕಲಸಿ. ಇದೂ ಅವರದೇ. ಹಲ್ಲಿನ ತೊಂದರೆ ಇರುವ ಹಿರಿಯರು ಬಾಮಿಯಾದ ರಸವನ್ನು ಅನ್ನದ ಮೇಲೆ ಹಾಕಿ ಐದು ನಿಮಿಷ ಬಿಟ್ಟು ತಿನ್ನಲಿ. ಉದುರುದುರು ಅನ್ನ ಬೇಕೆನ್ನುವ ಮೊಮ್ಮಕ್ಕಳಿಗೂ ಮೆತ್ತಗೆ ಬೇಕೆನ್ನುವ ತಾತಂದಿರಿಗೂ ಒಂದೇ ಪಾತ್ರೆ ಸಾಕಾಗುತ್ತದೆ.

ಸಕ್ಕರೆ ಕಾಯಿಲೆಯವರಿಗೆ ಒಂದು ಮಾತು. ಅಕ್ಕಿಯೂ ಪಿಷ್ಟ, ಶಾವಿಗೆಯೂ ಪಿಷ್ಟ. ನಿಮಗೆ ಇದರ ಸೋದರ ಸಂಬಂಧಿ ಇದಕ್ಕಿಂತ ವಾಸಿ. ಸಿಪ್ಪೆ ತೆಗೆಯದ ಇಡೀ ಮಸೂರವನ್ನು ಮುಕ್ಕಾಲು ಬೇಯಿಸಿ, ಸ್ವಲ್ಪ ಅಕ್ಕಿ ಸೇರಿಸಿ ಇದೇ ರೀತಿ ಮುಚ್ಚಿ ಬೇಯಿಸಿ, ಮೇಲೆ ಕಂದಗೆ ಹುರಿದ ಈರುಳ್ಳಿ ಉದುರಿಸುತ್ತಾರೆ. ಅದರ ಹೆಸರು ಮುಜದ್ದರ, ಅಂದರೆ ಸಿಡುಬಿನ ಕಲೆ ಇರುವಂಥದ್ದು! ಬಿಳಿ ಅನ್ನದಲ್ಲಿ ಕಂದು ಕಾಳು ಹಾಗೆ ಕಂಡಿರಬೇಕು. ಹೆಸರಿಟ್ಟವರಿಗೆ ಹಾಸ್ಯಪ್ರಜ್ಞೆ ಇತ್ತು. ಅಲ್ ಬಾಗ್ದಾದಿಯ ಪುಸ್ತಕದಲ್ಲಿ ಮುಜದ್ದರ ಕೂಡ ಇದೆ.

ನನ್ನ ಗೆಳೆಯರು ಈಗ ವಾರಕ್ಕೆ ಮೂರು ರಾತ್ರಿ ಅರ್ಧ ಲೋಟ ಅಕ್ಕಿ ಇಡುತ್ತಾರೆ. ಮುಚ್ಚಳ ಮುಚ್ಚಿದ ಕೂಡಲೇ ಶಾರ್ಜಾಕ್ಕೆ ವಿಡಿಯೋ ಕರೆ ಮಾಡುತ್ತಾರೆ. ಅಲ್ಲಿ ಗಂಟೆ ನಮಗಿಂತ ಒಂದೂವರೆ ತಾಸು ಹಿಂದೆ, ಮೊಮ್ಮಗಳು ಹೋಂವರ್ಕ್‌ಗೆ ಕೂತಿರುತ್ತಾಳೆ. ಇಪ್ಪತ್ತೆರಡು ನಿಮಿಷ ಮಾತಾಡುತ್ತಾರೆ. ಮುಗಿದ ಮೇಲೆ ಅವಳಿಗೆ ಪಾತ್ರೆ ತೋರಿಸಬೇಕು. ಬೆಲ್ಟಿನ ವಿಷಯ ನಾನಿನ್ನೂ ಕೇಳಿಲ್ಲ, ಆದರೆ ಕ್ಯಾರಿಯರಿನವನಿಗೆ ಭಾನುವಾರ ಬೇಡ ಎಂದಿದ್ದಾರೆ.

ಅನ್ನ ಉಳಿದರೆ ರಾತ್ರಿಯೆಲ್ಲ ಹೊರಗೆ ಇಡಬೇಡಿ. ಬೆಂದ ಅನ್ನದಲ್ಲೂ ಕೆಲವು ಸೂಕ್ಷ್ಮಾಣುಗಳು ಸಾಯದೆ ಉಳಿಯುತ್ತವೆ, ಬೆಚ್ಚಗಿದ್ದರೆ ಬೆಳೆದು ಹೊಟ್ಟೆ ಕೆಡಿಸುತ್ತವೆ. ಮತ್ತೆ ಬಿಸಿ ಮಾಡಿದರೂ ಅವು ಬಿಟ್ಟ ವಿಷ ಹೋಗುವುದಿಲ್ಲ. ಅಗಲ ತಟ್ಟೆಯಲ್ಲಿ ಹರಡಿ, ಆರಿದ ಕೂಡಲೇ ಫ್ರಿಜ್ಜಿಗೆ ಸೇರಿಸಿ, ಮಾರನೆಯ ಬೆಳಿಗ್ಗೆ ಹಬೆಯಾಡುವಷ್ಟು ಬಿಸಿ ಮಾಡಿ ಮುಗಿಸಿ. ನಮ್ಮ ಮನೆಯಲ್ಲಿ ಅದಕ್ಕೆ ಸಾಸಿವೆ, ಕಡಲೆಬೇಳೆ, ಹಸಿಮೆಣಸಿನಕಾಯಿಯ ಒಗ್ಗರಣೆ ಬೀಳುತ್ತದೆ, ಮೇಲೆ ಅರ್ಧ ಹೋಳು ನಿಂಬೆ. ಕೈರೋದ ತೇತಾ ನೋಡಿದರೆ ಏನೆನ್ನುತ್ತಾರೋ, ಎಂಟು ಗಂಟೆಗೆಲ್ಲ ಪಾತ್ರೆ ಖಾಲಿ.